ಮಳೆ ಥರ ಅಂತ ಬರೀಬೇಡ

ಮೊನ್ನೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಯಾರೋ ಹಸಿ ಗೋಣಿತಾಟಿನಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಸೀಟಿನ ಪಕ್ಕಕ್ಕೆ ತಳ್ಳಿದರು. ಆಗತಾನೇ ಕೊಯ್ದ ಸೊಪ್ಪು, ಒದ್ದೆ ಸೆಣಬು. ವಾಸನೆ ಬಡಿದದ್ದು ಮೂಗಿಗೆ, ನಿಮಿರಿದ್ದು ಕಿವಿ. ಯಾಕೆ ಹೀಗೆ ಎಂಬುದನ್ನೇ ಬರೆಯಲು ಕೂತಿದ್ದೇನೆ. ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಅದು ಅಗತ್ಯಕ್ಕಿಂತ ಹೆಚ್ಚು ಅಚ್ಚುಕಟ್ಟು. ಅನುಮಾನ ಬಂದ ಕಡೆ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಚಿಂತಾಮಣಿಯಲ್ಲಿತ್ತು. ನಾನು ಅಲ್ಲಿ ಭೌತಶಾಸ್ತ್ರದ ಹೊಸ ಉಪನ್ಯಾಸಕ. ಅಲ್ಲಿನ ರೇಷ್ಮೆ ವಿಭಾಗದ ಮುಖ್ಯಸ್ಥೆ ನಮಗೆಲ್ಲ ಬರೀ ಮೇಡಂ. ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೆಂದು ಪ್ರತಿ ವರ್ಷ ಚಿಕ್ಕ ಸಂಶೋಧನಾ ಅನುದಾನ ಕೊಡುತ್ತಿತ್ತು. ಒಂದು ಉಪಕರಣ, ಒಂದಿಷ್ಟು ಓಡಾಟ, ಅಷ್ಟಕ್ಕೆ ಸಾಲುವಂಥದ್ದು. ಸುತ್ತೋಲೆ ಬಂದರೆ ಉಳಿದವರು ಸಹಿ ಹಾಕಿ ಪಕ್ಕದವರ ಮೇಜಿಗೆ ದಾಟಿಸುತ್ತಿದ್ದರು. ಮೇಡಂ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಳುತ್ತಿದ್ದರು. ಪ್ರತಿ ವರ್ಷ ಹೊಸ ವಿಷಯ, ಪ್ರತಿ ವರ್ಷ ತಿರಸ್ಕಾರ. ‘ಪರ್ವಾಲೇದು’ ಎಂದು ತೆಲುಗಿನಲ್ಲಿ ಅಂದು, ಮುಂದಿನ ವರ್ಷಕ್ಕೆ ಏನು ಕೇಳುವುದೆಂದು ಅಂದೇ ಯೋಚಿಸತೊಡಗುವರು.

ಆ ವರ್ಷ ಅವರು ಕೇಳುವಂತಿರಲಿಲ್ಲ. ನಿವೃತ್ತಿ ಹತ್ತಿರವಿದ್ದವರು ಅರ್ಜಿ ಹಾಕಬಾರದೆಂಬ ನಿಯಮವಿತ್ತು. ಆದ್ದರಿಂದ ನನ್ನ ಮೇಜಿಗೆ ಬಂದರು.

“ಏನಪ್ಪ, ನಿಮ್ಮ ಫಿಸಿಕ್ಸಲ್ಲಿ ಸದ್ದು ಅಳೆಯಕ್ಕೆ ಬರತ್ತಾ?”

ಯಾವ ಸದ್ದು ಎಂದು ಕೇಳಿದೆ. ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು. ಜಂಗಮಕೋಟೆಯ ಅವರ ಮನೆಯಲ್ಲಿ ಅಪ್ಪ ಹುಳು ಮನೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರಂತೆ. ಹುಳುಗಳು ತಿನ್ನುತ್ತಿರುವಷ್ಟು ಹೊತ್ತು ಗೊರಕೆ. “ಸದ್ದು ನಿಂತ ತಕ್ಷಣ ನಮ್ಮಪ್ಪಂಗೆ ಎಚ್ಚರ ಆಗೋದು ಕಣಪ್ಪ.” ಇದನ್ನು ಅವರು ತಮಾಷೆಗೆಂಬಂತೆ ಹೇಳಿದ್ದರು. ನಾವಿಬ್ಬರೂ ನಕ್ಕು, ಮುಖ್ಯ ವಿಷಯಕ್ಕೆ ಬಂದೆವು…

ಮುಖ್ಯ ವಿಷಯ ಇದು: ಒಳ್ಳೆಯ ಮೈಕು, ರೆಕಾರ್ಡರು ಇದ್ದರೆ ಹುಳುಗಳ ಹಸಿವನ್ನು ಸದ್ದಿನಿಂದಲೇ ಅಳೆಯಬಹುದು. ನನಗೆ ನಿದ್ದೆ ಹಾರಿಹೋಯಿತು. ಅದುವರೆಗೆ ಪುಸ್ತಕದ ಅಲೆಗಳನ್ನು ಕಪ್ಪು ಹಲಗೆಗೆ ಇಳಿಸುತ್ತಿದ್ದವನಿಗೆ, ಯಾರೂ ಅಳೆಯದ ಒಂದು ಸದ್ದು ಹದಿನೈದು ಮೈಲಿಯ ಒಳಗೇ ಸಿಕ್ಕಿತ್ತು! ಅರ್ಜಿಯ ಮೊದಲ ವಾಕ್ಯದಲ್ಲಿ ಆ ಸದ್ದು ಮಳೆಯ ಹಾಗಿರುತ್ತದೆ ಎಂದು ಬರೆದೆ. ಮೇಡಂ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. “ಮಳೆ ಥರ ಅಂತ ಬರೀಬೇಡ. ಎಲ್ರೂ ಹಾಗೇ ಅಂತಾರೆ. ಕೇಳಿಸ್ಕೊಂಡು ಬರಿ.” ಹಾಗಾದರೆ ಯಾವ ಥರ ಎಂದರೆ, ಅದಕ್ಕೇ ಅಲ್ಲವೇ ದುಡ್ಡು ಕೇಳುತ್ತಿರುವುದು ಎಂದು ನನ್ನ ಬಾಯಿ ಮುಚ್ಚಿಸಿದರು.

ಅನುದಾನ ಸಮಿತಿಯ ಮುಂದೆ ಮಾತಾಡುವುದನ್ನು ಖಾಲಿ ತರಗತಿಯಲ್ಲಿ ಅಭ್ಯಾಸ ಮಾಡಿಸಿದರು. ಎಲ್ಲ ಸದಸ್ಯರೂ ಅವರೇ. ಕನ್ನಡಕ ಹಣೆಗೇರಿಸಿದರೆ ತೂಕಡಿಸುವ ಸದಸ್ಯ, ಮೂಗಿನ ತುದಿಗಿಳಿಸಿದರೆ ‘ಇದರಿಂದ ರೈತನಿಗೇನು ಬಂತು’ ಎನ್ನುವ ಸದಸ್ಯ. ಈ ಎರಡನೆಯವನ ಮುಂದೆ ನಾನು ಪ್ರತಿ ಸಲ ಸೋಲುತ್ತಿದ್ದೆ. ಈ ವರ್ಷ ತಪ್ಪಿದರೆ ಹುಳು ಬಲ್ಲವರು ಮನೆಗೆ ಹೋಗಿರುತ್ತಾರೆ, ಹುಳು ಗೊತ್ತಿಲ್ಲದ ನಾನೊಬ್ಬನೇ ಉಳಿಯುತ್ತೇನೆ. ಇಬ್ಬರಿಗೂ ಅದು ಗೊತ್ತಿತ್ತು.

ಸಮಿತಿ ಕರೆದ ದಿನ ಜಂಗಮಕೋಟೆಯಿಂದ ಅವರ ತಮ್ಮ ಕೊಟ್ಟ ಒಂದು ತಟ್ಟೆ ಹುಳುಗಳನ್ನು ಒದ್ದೆ ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಒಯ್ದೆವು. ಸಮಿತಿಗೆ ಸದ್ದನ್ನೇ ಕೇಳಿಸಿಬಿಡುವುದು ನಮ್ಮ ಉಪಾಯ. ಹೊರಟಾಗ ಹುಳುಗಳು ಚೆನ್ನಾಗಿಯೇ ತಿನ್ನುತ್ತಿದ್ದವು. ಬೆಳಗ್ಗೆ ಕರೆಯಬೇಕಾದವರು ಊಟದ ನಂತರ ಎಂದರು. ಕಾರಿಡಾರಿನ ಬೆಂಚಿನಲ್ಲಿ ಮೇಡಂ ಬಟ್ಟೆ ಸರಿಸಿ ನೋಡಿದರು. ಹುಳುಗಳೆಲ್ಲ ತಲೆ ಎತ್ತಿ, ಕದಲದೆ ಕೂತಿದ್ದವು. ಹಳೆ ಚರ್ಮ ಕಳಚುವ ಮುಂಚೆ ಅವು ಹೀಗೆ ಮೇವು ಬಿಟ್ಟು ಕೂರುತ್ತವೆ. ಒಂದು ದಿನ ಎಲೆ ಮುಟ್ಟುವುದಿಲ್ಲ. ಮೇಡಂ ಲೆಕ್ಕದಲ್ಲಿ ಅದು ಆಗಲೇ ಮುಗಿದಿರಬೇಕಿತ್ತು; ಮೂರು ದಿನದ ಮಂಜಿನ ಚಳಿಗೆ ತಡವಾಗಿತ್ತು.

ಸದ್ದು ಕೇಳಿಸುತ್ತೇವೆಂದು ಬಂದವರ ತಟ್ಟೆಯಲ್ಲಿ ಸದ್ದೇ ಇಲ್ಲ. ಮೇಡಂ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ನನ್ನ ತೋಳು ಹಿಡಿದು ಅಲುಗಿಸಿದರು.

“ನಮ್ಮಪ್ಪಂಗೆ ಎಚ್ಚರ ಆಗ್ತಿದ್ದಿದ್ದು ಯಾವಾಗಪ್ಪ? ನಿಂತಾಗ ಅಲ್ವಾ? ನಾವು ಪೆದ್ದರು ಕಣೋ, ತಿನ್ನೋದನ್ನೇ ಬರ್ಕೊಂಡು ಕೂತಿದ್ವಿ. ಹೋಗು, ನಿಂತಿರೋದನ್ನ ಕೇಳಿಸು.”

ತಟ್ಟೆ ಹಿಡಿದು ಒಳಗೆ ಹೋದೆ. ಬರೆದು ತಂದದ್ದನ್ನು ಮಡಚಿಟ್ಟು, ಫ್ಯಾನ್ ಆರಿಸಬಹುದೇ ಎಂದು ಕೇಳಿದೆ. ಆರಿಸಿದರು. ಏನೂ ಕೇಳಿಸುತ್ತಿಲ್ಲವಲ್ಲ ಎಂದರು ಒಬ್ಬರು. ಹೌದು ಸರ್, ಎಂದೆ. ಹುಳುಗಳು ಮೇವು ಬಿಟ್ಟ ಗಳಿಗೆ ತಿಳಿಯದೆ ಸೊಪ್ಪು ಹಾಕುತ್ತಲೇ ಇದ್ದರೆ ಸೊಪ್ಪು ದಂಡ, ಹುಳುಗಳ ಬೆಳವಣಿಗೆಯೂ ಹಿಂದುಮುಂದಾಗಿ ಬೆಳೆ ಕೆಡುತ್ತದೆ. ಆ ಗಳಿಗೆಯನ್ನು ಹಿಡಿಯುವ ಕಿವಿ ಬೇಕು, ಅದನ್ನೇ ಕೇಳಲು ಬಂದಿದ್ದೇನೆ ಎಂದೆ. ರೈತನಿಗೇನು ಬಂತೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಟ್ಟೆಯ ಮೇಲೆ ಬಾಗಿದ್ದರು. ಆಗ ಮೂಲೆಯಲ್ಲಿ ಒಂದು ಹುಳು, ಒಂದೇ ಒಂದು, ಎಲೆಯ ಅಂಚನ್ನು ಕಡಿಯುವುದು ಕೇಳಿಸಿತು… ಇಲ್ಲಿ ನನಗೆ ಅನುಮಾನ. ಆ ಹುಳು ಇತ್ತೋ, ಇಷ್ಟು ವರ್ಷ ಈ ಕಥೆ ಹೇಳಿ ಹೇಳಿ ನಾನೇ ತಟ್ಟೆಗೆ ಹಾಕಿಕೊಂಡೆನೋ ಗೊತ್ತಿಲ್ಲ.

ಅನುದಾನ ಬಂತು. ಮೇಡಂ ಸ್ಟಾಫ್ ರೂಮಿಗೆಲ್ಲ ಬಾದುಷಾ ತರಿಸಿದರು. ನಿವೃತ್ತಿಯಾದ ಮೇಲೂ ಜಂಗಮಕೋಟೆಯ ಹುಳು ಮನೆಗೆ ನನಗಿಂತ ಮುಂಚೆ ಬಂದು, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಯಾವ ಥರ ಇದೆ ಮೇಡಂ ಎಂದರೆ ತುಟಿಯ ಮೇಲೆ ಬೆರಳಿಡುವರು. ಅವರು ಹೋಗಿ ಈಗ ಕೆಲವು ವರ್ಷಗಳಾದವು. ಆ ಪ್ರಶ್ನೆಗೆ ಉತ್ತರ ಕೊಡದೆಯೇ ಹೋದರು.

ಮೊನ್ನೆ ಆ ಸೊಪ್ಪಿನ ವಾಸನೆಯ ಹಿಂದೆಯೇ ಜಂಗಮಕೋಟೆ ಕ್ರಾಸಿನಲ್ಲಿ ಇಳಿದುಬಿಟ್ಟೆ. ಅವರ ತಮ್ಮ ಈಗಲೂ ಹುಳು ಮೇಯಿಸುತ್ತಾರೆ. “ಕೈಕಾಲು ತೊಳ್ಕೊಂಡು ಬನ್ನಿ ಸಾರ್, ಅಕ್ಕ ಇದ್ದಿದ್ರೆ ಹಾಗೇ ಒಳಗೆ ಬಿಡ್ತಿರ್ಲಿಲ್ಲ” ಎಂದರು. ಒಳಗೆ ಆಗಷ್ಟೇ ಸೊಪ್ಪು ಹಾಕಿದ್ದರು. ಹುಳು ಮನೆ ತುಂಬ ಆ ಸದ್ದು. ಕೇಳಿಸಿಕೊಂಡೆ, ಬಹಳ ಹೊತ್ತು, ಯಂತ್ರವಿಲ್ಲದೆ. ಬಾಯಿಗೆ ಬೇರೆ ಮಾತು ಬರಲಿಲ್ಲ.

“ಮಳೆ ಥರ ಇದೆ ಅಲ್ವಾ?” ಎಂದೆ.

“ಹೂಂ ಸಾರ್. ಎಲ್ರೂ ಹಾಗೇ ಅಂತಾರೆ” ಎಂದರು ಅವರು.

ಅಡ್ಡಗೆರೆ ಎಳೆಯುವವರು ಅಲ್ಲಿ ಯಾರೂ ಇರಲಿಲ್ಲ.