ಅಲ್ಲಾಡದ ಗೋಲ್‌ಕೀಪರ್

ಗೆಳೆಯರೇ, ಈ ಗುಟ್ಟನ್ನು ಮೊದಲು ಹೇಳಿದವನು ನಮ್ಮ ಚಾಮರಾಜಪೇಟೆಯ ಶಾಮು, ನಿನ್ನೆ ಸಂಜೆ, ಕಾಫಿ ಹೋಟೆಲಿನಲ್ಲಿ. ಗೋಲ್‌ಕೀಪರ್ ಮುನಿಸ್ವಾಮಿ ಚೆಂಡು ಹಿಡಿದು ನೆಲಕ್ಕೆ ಬಿದ್ದಿರುವ, ಶಾಮು ತೆಗೆದ ಫೋಟೋವನ್ನು ಹೋಟೆಲಿನವರು ಗೋಡೆಗೆ ತೂಗುಹಾಕಿದ್ದಾರೆ. ಆ ಗೋಡೆಯ ಮೇಲೆ ನನಗೂ ಕಣ್ಣಿತ್ತು. ನಮ್ಮಿಬ್ಬರದೂ ಒಂದೇ ಬಗೆಯ ಡಬ್ಬಿ ಕ್ಯಾಮೆರಾ. ಓಡುವವರೆಲ್ಲ ಅದರಲ್ಲಿ ಹೊಗೆಯ ಹಾಗೆ ಕಾಣುತ್ತಾರೆ. ನನ್ನ ಎಂಟು ಚಿತ್ರಗಳಲ್ಲೂ ಬರೀ ಹೊಗೆ. ಹೊಟ್ಟೆ ಉರಿದು ಕೇಳಿಯೇಬಿಟ್ಟೆ: "ನಿನಗೆ ಮಾತ್ರ ಹೇಗೆ ಬಂತೋ?"

"ಮ್ಯಾಚ್ ಮುಗಿದ್ಮೇಲೆ ಚೆಂಡು ಕೊಟ್ಟು ಮಲಗಿಸ್ದೆ ಕಣೋ. ಪಾಪ, ಅಲ್ಲಾಡ್ಲೇ ಇಲ್ಲ."

"ಥೂ, ಮೋಸ" ಎಂದು ನಾನೆದ್ದೆ. ಜೊತೆಗೆ ಕಾಫಿ ಕುಡಿಯುತ್ತಿದ್ದ ಮೂವರು ಗೆಳೆಯರೂ ಎದ್ದರು.

ಇಂದು ಬೆಳಿಗ್ಗೆ ಕ್ಯಾಮೆರಾ ಹಿಡಿದು ಮುನಿಸ್ವಾಮಿಯ ಮನೆಗೆ ಹೋದೆ. ಜಗಲಿಯ ಮೇಲೆ ಆ ಮೂವರೂ ಕ್ಯಾಮೆರಾ ಹಿಡಿದು ಕುಳಿತಿದ್ದರು.

"ಒಬ್ಬೊಬ್ರಾಗಿ ಬನ್ನಿ ಸ್ವಾಮಿ, ಎಲ್ರಿಗೂ ಬಿದ್ದು ತೋರಿಸ್ತೀನಿ" ಎಂದ ಮುನಿಸ್ವಾಮಿ.

"ಮೋಸ" ಎಂದು ಮೊದಲು ಎದ್ದವನು ನಾನು; ಇಲ್ಲಿ ಸಾಲಿನಲ್ಲಿ ನಾನೇ ಕೊನೆಯವನು.