ಬಲಗಾಲಿನ ಗೇರು

ನಮ್ಮ ಯಜಮಾನರು ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಸವದತ್ತಿಯಿಂದ ಮನೋಳಿಗೆ ಹೋಗಿ ಗೆಳೆಯರ ಹೊಲದಿಂದ ಒಂದು ಹೊರೆ ಹಸಿ ಕಡಲೆ ತಂದೆವು. ಮನೋಳಿ ಹಿಂದೆ ಬಿದ್ದು ರಸ್ತೆ ಖಾಲಿಯಾದ ಮೇಲೆ ಅವರು ಎಂದಿನಂತೆ ಬುಲೆಟ್ ಗಾಡಿ ನಿಲ್ಲಿಸಿ ಇಳಿದರು. ನಾನು ಮುಂದೆ ಕುಳಿತೆ, ಅವರು ಕಡಲೆಯ ಹೊರೆ ತಬ್ಬಿಕೊಂಡು ಹಿಂದೆ ಕುಳಿತರು. ಸವದತ್ತಿಯ ಮೊದಲ ಮನೆಗಳು ಕಾಣುತ್ತಲೇ ನಾನು ಇಳಿದು ಮತ್ತೆ ಹಿಂದೆ ಹೋದೆ. ಸೊಸೆಯಾದವಳು ಬುಲೆಟ್ ಹೊಡೆಯುವುದನ್ನು ಊರು ನೋಡಬಾರದು, ಅಷ್ಟೇ. ರಾತ್ರಿ ಕಡಲೆ ಸುಲಿಯುತ್ತ ಕುಳಿತೆವು. ಬೆಳಗಾಗುವಷ್ಟರಲ್ಲಿ ಎದೆನೋವು ಬಂತು. ದವಾಖಾನೆ ತಲುಪಲಿಲ್ಲ.

ಗಾಡಿ ಕಿತ್ತೂರಿನವರೊಬ್ಬರಿಂದ ತಂದದ್ದು. ತೊಂಬತ್ತರ ದಶಕದಲ್ಲಿಯೇ ಅದು ಹಳೆಯದಾಗಿತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಗ ಬರುತ್ತಿದ್ದ ಹೊಸ ಗಾಡಿಗಳಲ್ಲಿ ಇದು ತಿರುಗಾಮುರುಗಾ, ಗೇರು ಎಡಗಾಲಿಗೆ. ಸ್ಟಾರ್ಟ್ ಮಾಡಬೇಕೆಂದರೆ ಕಿಕ್ಕನ್ನು ಮೆಲ್ಲಗೆ ಒತ್ತಿ ಆಂಪಿಯರ್ ಮೀಟರಿನ ಮುಳ್ಳನ್ನು ನಡುವಿಗೆ ತಂದು, ಆಮೇಲೆ ಮೈಭಾರವನ್ನೆಲ್ಲ ಬಿಟ್ಟು ಕಿಕ್ ಹೊಡೆಯಬೇಕು. ಸಿಟ್ಟು ಮಾಡಿದರೆ ಅದೂ ಸಿಟ್ಟು ಮಾಡಿ ಮೊಳಕಾಲಿಗೆ ಬಡಿಯುತ್ತಿತ್ತು.

ದಿನಕರ್ಮಗಳು ಮುಗಿಯುತ್ತಲೇ ಮೈದುನ ರಾಮದುರ್ಗದಿಂದ ಒಬ್ಬರನ್ನು ಗಾಡಿ ನೋಡಲು ಕರೆತಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಂತಲ್ಲಿಯೇ ಜಂಗು ಹಿಡಿಯುತ್ತದೆ, ನೋಡಿದಾಗೊಮ್ಮೆ ಅಣ್ಣ ನೆನಪಾಗುತ್ತಾನೆ ಎಂದ. ನನಗೆ ಬೇಕಾದದ್ದೂ ಅದೇ ಎಂದು ನಾನು ಹೇಳಲಿಲ್ಲ. ಗಾಡಿ ಕೊಡುವುದಿಲ್ಲ ಎಂದಷ್ಟೇ ಹೇಳಿದೆ.

"ಯಾರ್ ಹೊಡೀತಾರ ವೈನಿ ಇದನ್ನ? ನನಗಂತೂ ಒಗ್ಗೂದಿಲ್ಲ."

"ನಾ ಹೊಡೀತೇನಿ."

ರಾಮದುರ್ಗದವರು ಚಹಾ ಕುಡಿದು ಎದ್ದು ಹೋದರು. ಒಳಗಿದ್ದ ಹೆಂಗಸರು ವರ್ಷವಾದರೂ ತುಂಬಲಿ, ಇನ್ನೂ ಹಬ್ಬವನ್ನೇ ಮಾಡದ ಮನೆ ಎಂದರು. ಹಬ್ಬ ಮಾಡಬಾರದೆಂಬುದು ಸರಿ, ಒಪ್ಪಿದೆ. ಗಾಡಿ ಹೊಡೆಯುವುದು ನನಗೆ ಹಬ್ಬವಾಗಿರಲಿಲ್ಲ.

ಲೈಸೆನ್ಸಿನ ಪರೀಕ್ಷೆಗೆ ಬೈಲಹೊಂಗಲಕ್ಕೆ ಹೋಗಬೇಕಾಗಿತ್ತು. ಅಷ್ಟು ಭಾರದ ಗಾಡಿ ಬೇಡ ಎಂದು ಮೈದುನ ತನ್ನ ಹೊಸ ಗಾಡಿಯನ್ನೇ ತಂದ. ಸುಣ್ಣದಲ್ಲಿ ಬರೆದ ಎಂಟರ ಮೇಲೆ ಕಾಲು ಊರದೆ ಸುತ್ತಬೇಕು. ಅರ್ಧ ಸುತ್ತಿ, ಗೇರು ಬದಲಿಸಲು ಬಲಗಾಲು ಒತ್ತಿದೆ. ಅದು ಬ್ರೇಕು. ಗಾಡಿ ಗಕ್ಕನೆ ನಿಂತು ವಾಲಿತು, ಕಾಲು ನೆಲಕ್ಕೆ ಬಂತು. ಸುತ್ತಲಿದ್ದ ಹುಡುಗರು ನಕ್ಕರು. ಅವರಿಗೆ ನನ್ನ ಕಾಲು ತಪ್ಪಿದ್ದು ಕಂಡಿತು. ನನ್ನ ಕಾಲು ತಪ್ಪಿರಲಿಲ್ಲ. ಕಲಿಸಿದ ಯಜಮಾನರು ಹೇಳಿದ್ದನ್ನೇ ಅದು ಮಾಡಿತ್ತು.

ಮುಂದಿನ ಸಲ ಬುಲೆಟ್‌ನಲ್ಲಿಯೇ ಹೋಗುತ್ತೇನೆ ಎಂದೆ. ಕಲಿಯುವವರ ಹಿಂದೆ ಲೈಸೆನ್ಸ್ ಇದ್ದವರು ಕೂರಬೇಕೆಂಬುದು ಕಾಯಿದೆ. ಆ ದಿನ ಮೈದುನ ಟವೆಲ್ಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡ. ಬಿಸಿಲಿಗೆಂದು ಹೇಳಿದ. ಇನ್ನೂ ಬಿಸಿಲೇರಿರಲಿಲ್ಲ. ಕಳೆ ತೆಗೆಯುವ ಹೆಂಗಸರು ಮಾಡುವಂತೆ ನಾನು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಮನೆಯ ಮುಂದಿನಿಂದಲೇ ಗಾಡಿ ಹೊರಡಿಸಿದೆ, ಊರ ಹೊರಗಿನಿಂದಲ್ಲ. ಬಜಾರಿನಲ್ಲಿ ಯಾರು ನೋಡಿದರು, ಯಾರು ಮುಖ ತಿರುಗಿಸಿದರು ಎಂದು ನೋಡಲು ಪುರುಸೊತ್ತಿರಲಿಲ್ಲ. ಎಮ್ಮೆಗಳು ಅಡ್ಡ ಬಂದಿದ್ದವು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವನು ಮೈದುನನನ್ನು ಮಾತನಾಡಿಸಿದ.

"ಯಾಕ್ರೀ ಸಾವಕಾರ್ರ, ಕೈ ಮುರಕೊಂಡೀರೇನು?"

"ಕೈ ಗಟ್ಟಿ ಅದಾವು. ನಮ್ಮ ವೈನಿ ಹಟ ಅದಕ್ಕಿಂತ ಗಟ್ಟಿ ಐತಿ."

ಅಣ್ಣ ಸತ್ತ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರಿಗೆ ಗಾಡಿ ಸೇರಲಿಲ್ಲ. "ಬಾಯಾರ, ಗೇರಿಲ್ಲದ ಸಣ್ಣ ಗಾಡಿ ತರ್ರಿ. ಹೆಣ್ಮಕ್ಕಳಿಗೆ ಅದ ಚಲೋ."

"ಕಲ್ತದ್ದು ಇದರ ಮ್ಯಾಲೆ ಐತ್ರಿ. ಪರೀಕ್ಷಾನೂ ಇದರ ಮ್ಯಾಲೆ ಕೊಡ್ತೇನಿ."

ಅವರು ಕೈಯಿಂದ ಸುಣ್ಣದ ಗೆರೆ ತೋರಿಸಿದರು. ಮೊದಲ ಕಿಕ್ಕಿಗೆ ಗಾಡಿ ಹತ್ತಲಿಲ್ಲ. ಹುಡುಗರು ಮತ್ತೆ ನಗಲು ತಯಾರಾದರು. ಮುಳ್ಳನ್ನು ನಡುವಿಗೆ ತಂದು ಸಾವಕಾಶ ಹೊಡೆದೆ, ಹತ್ತಿತು. ಎಂಟನ್ನು ಸುತ್ತಿ, ಅವರು ಹೇಳದಿದ್ದರೂ ಇನ್ನೊಮ್ಮೆ ಸುತ್ತಿ, ಎಡಗಾಲಿನಿಂದ ಬ್ರೇಕು ಒತ್ತಿ ಅವರ ಕುರ್ಚಿಯ ಮುಂದೆಯೇ ನಿಲ್ಲಿಸಿದೆ. ಸಾಹೇಬರು ಸಹಿ ಮಾಡಿದರು.

ಈಗ ನನ್ನ ಬಳಿ ಬಟನ್ ಒತ್ತಿದರೆ ಹತ್ತುವ ಸ್ಕೂಟರ್ ಇದೆ. ಮೊಳಕಾಲು ಸೋತಿವೆ, ದಿನದ ತಿರುಗಾಟಕ್ಕೆ ಅದೇ ಸಾಕು. ಅಂದು ನಕ್ಕ ಹುಡುಗರೂ ಇಂದು ಸಂಸಾರಸ್ಥರಾಗಿ ಇಂಥ ಸ್ಕೂಟರಿನಲ್ಲಿಯೇ ಮಕ್ಕಳನ್ನು ಶಾಲೆಗೆ ಬಿಡುತ್ತಿರಬಹುದು. ತಗ್ಗು ಬಂದಾಗ ನನ್ನ ಬಲಗಾಲು ಇಲ್ಲದ ಗೇರನ್ನು ಒತ್ತುತ್ತದೆ. ಒತ್ತಲಿ, ಆ ರೂಢಿ ಬಿಡಿಸಬೇಕೆಂದು ನನಗೆ ಅನಿಸಿಲ್ಲ. ಬುಲೆಟ್ ಕೊಡುತ್ತೀರಾ ಎಂದು ಕೇಳುವವರು ಇನ್ನೂ ಬರುತ್ತಾರೆ, ಇತ್ತೀಚೆಗೆ ಹಳೆಯದಕ್ಕೇ ಬೆಲೆಯಂತೆ. ಅವರಿಗೂ ಚಹಾ ಕೊಟ್ಟು ಕಳಿಸುತ್ತೇನೆ. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಕಿಕ್ ಹೊಡೆದು, ಬಜಾರಿನ ನಡುವಿನಿಂದಲೇ ಒಂದು ಸುತ್ತು ಹೋಗಿ ಬರುತ್ತೇನೆ.

ನಾನು ಪಾಸಾದದ್ದು ಊರಿಗೆಲ್ಲ ಗೊತ್ತಾಗಿದೆ. ಕಲಿಸಿದ ಅವರೊಬ್ಬರಿಗೆ ಗೊತ್ತಿಲ್ಲ.