ಮಿಲ್ಲಿನ ಕೂಗಿಗೆ ಬೆಂದ ಹಕ್ಕಿ

ಅರ್ಮಾಂಡ್ ಪೆಲ್ಟಿಯೆಗೆ ಅರವತ್ತೊಂದು ತುಂಬಿತ್ತು, ಒಂದು ಮೊಟ್ಟೆ ಬೇಯಿಸಿ ಗೊತ್ತಿರಲಿಲ್ಲ. ಅಕ್ಕ ಬಿಟ್ಟಿದ್ದರೆ ತಾನೇ? ಲುಸೀಲ್ ಇರುವಷ್ಟು ದಿನ ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಾಫಿಯ ಬಟ್ಟಲು ಚಾಚುತ್ತಿದ್ದ, ಅವಳು ತುಂಬಿಸುತ್ತಿದ್ದಳು. ಅವನಿಗೂ ಒಲೆಗೂ ಇದ್ದ ನಂಟು ಅಷ್ಟೇ. ಅಕ್ಕ ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಅವನು ಕಾಗದದ ಮಿಲ್ಲಿನಲ್ಲಿ ಮೂರನೇ ಯಂತ್ರ ನೋಡಿಕೊಂಡಿದ್ದ, ಮಿಲ್ಲು ಮುಚ್ಚಿದ ಮೇಲೆ ಶಾಲೆಯ ಹಳದಿ ಬಸ್ಸು ಓಡಿಸಿದ. ಮೇಯ್ನ್ ಸೀಮೆಯ ಆ ನದಿಯೂರಿನಲ್ಲಿ ಮಿಲ್ಲಿನವರ ಬದುಕೆಲ್ಲ ಹೆಚ್ಚುಕಡಿಮೆ ಹೀಗೇ ಇತ್ತು.

ಮಾರ್ಚ್ ತಿಂಗಳಲ್ಲಿ ಲುಸೀಲ್ ತೀರಿಕೊಂಡಳು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಮೇ ತಿಂಗಳವರೆಗೆ ಮಣ್ಣು ಮಾಡಲಾಗಲಿಲ್ಲ. ಅಷ್ಟು ದಿನ ಅವಳು ಗೋರಿಗಳ ಪಕ್ಕದ ಕಲ್ಲುಕೋಣೆಯಲ್ಲಿ ಕಾದಳು. ಕಾಯುವುದು ಅವಳಿಗೆ ಹೊಸತೇನಲ್ಲ.

ಅವಳು ಕಾಯುತ್ತಿದ್ದದ್ದು ಇಬ್ಬರು ತಮ್ಮಂದಿರು ಒಂದು ಮೇಜಿಗೆ ಕೂರುವ ದಿನವನ್ನು. ಇಪ್ಪತ್ತಾರು ವರ್ಷದ ಹಿಂದೆ ಮಿಲ್ಲಿನಲ್ಲಿ ಮುಷ್ಕರವಾದಾಗ ಅರ್ಮಾಂಡ್ ಮತ್ತು ಅವನ ಅಣ್ಣ ನಾರ್ಮಂಡ್ ನಾಲ್ಕು ತಿಂಗಳು ಗೇಟಿನ ಹೊರಗೆ ಒಂದೇ ಡಬ್ಬದ ಬೆಂಕಿಗೆ ಕೈ ಕಾಯಿಸಿಕೊಂಡಿದ್ದರು. ಐದನೇ ತಿಂಗಳ ಒಂದು ಬೆಳಿಗ್ಗೆ, ಮಿಲ್ಲಿನ ಉಗಿಕೊಳವೆಯ ಏಳು ಗಂಟೆಯ ಕೂಗಿಗೆ ಸರಿಯಾಗಿ, ಅರ್ಮಾಂಡ್ ತಲೆ ತಗ್ಗಿಸಿಕೊಂಡು ಮುಷ್ಕರ ಮುರಿದು ಒಳಗೆ ಕೆಲಸಕ್ಕೆ ನಡೆದುಬಿಟ್ಟ. ನಾರ್ಮಂಡ್ ಅಲ್ಲೇ ನಿಂತಿದ್ದ. ಬೈಯಲಿಲ್ಲ, ಉಗುಳಲಿಲ್ಲ. ಸೇತುವೆ ದಾಟಿ ಆಚೆ ದಡಕ್ಕೆ ಹೋದವನು ಮತ್ತೆ ಈಚೆ ಕಾಲಿಡಲಿಲ್ಲ. ಇಗರ್ಜಿ ಅವನ ದಡದಲ್ಲೇ ಇದ್ದುದರಿಂದ ಅಕ್ಕನ ಸಾವಿಗೂ ದಾಟಬೇಕಾಗಲಿಲ್ಲ.

ಆದರೆ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲುಸೀಲ್ ಮೊದಲ ತಟ್ಟೆ ಬಡಿಸಿ, ಮೇಲೆ ಬೆಳ್ಳಿಹಾಳೆ ಮುಚ್ಚಿ, ಬೂದು ಕೋಟು ತೊಟ್ಟು, ಎರಡೂ ಕೈಯಲ್ಲಿ ಹಿಡಿದು ಸೇತುವೆ ದಾಟುತ್ತಿದ್ದಳು. ನಡುವೆ ಒಂದು ಕಡೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಅಣ್ಣ ತಮ್ಮ ಒಂದೇ ಟರ್ಕಿ ಹಕ್ಕಿಯನ್ನು ಎರಡು ದಡದಲ್ಲಿ ತಿಂದರು.

ಈ ವರ್ಷ ಹಬ್ಬದ ಹಿಂದಿನ ವಾರ ಅರ್ಮಾಂಡ್ ಫೋನು ಮಾಡಿದ.

‘ಗುರುವಾರ ಟರ್ಕಿ ಮಾಡ್ತಿದ್ದೀನಿ. ಊಟಕ್ಕೆ ಬಾ.’

‘ನೀನಾ? ಟರ್ಕಿನಾ?’ ನಾರ್ಮಂಡ್ ಕೆಮ್ಮಿದನೋ ನಕ್ಕನೋ ತಿಳಿಯಲಿಲ್ಲ. ‘ತಟ್ಟೆ ಕಳಿಸೋದಾದ್ರೆ ಕಳಿಸು.’

‘ತಟ್ಟೆ ಹೊರೋಳು ಹೋದ್ಳು ನಾರ್ಮಿ. ಈ ಸಲ ತಟ್ಟೆ ಬರಲ್ಲ, ನೀನೇ ಬರ್ಬೇಕು.’

ಆಚೆಯಿಂದ ಫೋನು ಇಟ್ಟ ಸದ್ದಷ್ಟೇ ಬಂತು.

ಈ ಸಲ ಬರದಿದ್ದರೆ ಅವನು ಇನ್ನು ಬರುವವನಲ್ಲ. ಅದು ಅರ್ಮಾಂಡ್‌ಗೆ ಗೊತ್ತಿತ್ತು. ಆದರೂ ಹತ್ತೊಂಬತ್ತು ಪೌಂಡಿನ ಹಕ್ಕಿ ತಂದ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಪಕ್ಕದ ಮನೆಯ ಬರ್ನಡೆಟ್ ದೊಡ್ಡ ಮುಚ್ಚಳದ ಪಾತ್ರೆ ಕೊಡಲು ಬಂದವಳು ಬಚ್ಚಲಿಗೆ ಇಣುಕಿ ಎದೆ ಹಿಡಿದುಕೊಂಡಳು.

‘ಅಯ್ಯೋ ದೇವರೇ! ಹಕ್ಕಿಗೆ ಸ್ನಾನ ಮಾಡಿಸ್ತಿದ್ದೀಯೇನೋ?’

‘ಹೆಪ್ಪುಗಟ್ಟಿ ಕಲ್ಲಾಗಿತ್ತು. ಕರಗಲಿ ಅಂತ ತಣ್ಣೀರಲ್ಲಿ ಬಿಟ್ಟೆ.’

‘ಸೋಪು ಹಚ್ಚಿಲ್ಲ ತಾನೇ? ಹಚ್ಚಿದ್ರೂ ಹಚ್ಚಿರ್ತೀಯ, ನಿನ್ನ ನಂಬೋಕಾಗಲ್ಲ. ಲುಸೀಲ್ ನೋಡಿದ್ರೆ ನಿನ್ನನ್ನೇ ಒಲೆಗೆ ಹಾಕ್ತಿದ್ಳು.’

ಅವನು ಅಕ್ಕನ ಚೀಟಿ ತೋರಿಸಿದ. ಜಿಡ್ಡು ಹಿಡಿದು ಪಾರದರ್ಶಕವಾದ ರಟ್ಟು. ಮೇಲುಗಡೆ ಹೂರಣದ ಲೆಕ್ಕ: ಅರೆದ ಹಂದಿಮಾಂಸ, ಆಲೂಗಡ್ಡೆ, ಈರುಳ್ಳಿ, ಲವಂಗ, ದಾಲ್ಚಿನ್ನಿ. ಕೆಳಗೆ ಮೂರೇ ಸಾಲು.

ಏಳರ ಕೂಗಿಗೆ ಒಲೆಗೆ.
ಹನ್ನೆರಡರ ಕೂಗಿಗೆ ಮುಚ್ಚಳ ತೆಗಿ.
ಒಂದರ ಕೂಗಿಗೆ ಹೊರಗೆ. ಮೊದಲ ತಟ್ಟೆ ನಾರ್ಮಂಡ್‌ಗೆ.

‘ಮಿಲ್ಲು ಮುಚ್ಚಿ ಒಂಬತ್ತು ವರ್ಷ ಆಯ್ತು. ಈ ಒಂಬತ್ತು ವರ್ಷ ಯಾವ ಕೂಗಿಗೆ ಬೇಯಿಸ್ತಿದ್ಳು?’ ಎಂದು ಅರ್ಮಾಂಡ್ ಕೇಳಿದ.

ಬರ್ನಡೆಟ್ ನಗುವುದನ್ನು ನಿಲ್ಲಿಸಿದಳು. ‘ನಾನೂ ಒಂದ್ಸಲ ಕೇಳಿದ್ದೆ. “ಯಾಕೆ, ನಿಂಗೆ ಕೇಳಿಸಲ್ವಾ?” ಅಂದ್ಳು.’ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಬಂದ ಹಾಗೇ ಹೊರಟುಹೋದಳು.

ಹಬ್ಬದ ದಿನ ಬೆಳಗಾಗುವಾಗ ನದಿಯ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಹಿಂದಿನ ಸಂಜೆ ಮಂಜುಮಳೆ ಸುರಿದು ಕರೆಂಟು ಹೋಗಿ ಬಂದಿದ್ದರಿಂದ ಒಲೆಯ ಗಡಿಯಾರ ಹನ್ನೆರಡರಲ್ಲೇ ಮಿಟುಕುತ್ತಿತ್ತು. ಕೈಗಡಿಯಾರ ಬಸ್ಸಿನಲ್ಲಿ ಮರೆತು ಬಂದಿದ್ದ. ಅರ್ಮಾಂಡ್ ಹಕ್ಕಿಯ ಹೊಟ್ಟೆಗೆ ಹೂರಣ ತುಂಬಿ, ಉಪ್ಪು ಮೆಣಸು ತಿಕ್ಕಿ, ಪಾತ್ರೆಯಲ್ಲಿ ಮಲಗಿಸಿ, ಈಗ ಏಳಾಯಿತೋ ಇಲ್ಲವೋ ಎಂದು ಕಿಟಕಿಗೆ ಬಂದ.

ಮೊದಲು ಗಾಜಿಗೆ ತಿಳಿಯಿತು. ಮಿಲ್ಲಿದ್ದ ಕಾಲದಲ್ಲೂ ಹಾಗೇ. ಕೂಗು ಕಿವಿಗೆ ಬೀಳುವ ಮುಂಚೆ ಕಿಟಕಿಯ ಗಾಜು ನೊಣದಂತೆ ಗುಂಯ್ ಎನ್ನುತ್ತಿತ್ತು. ಅವನು ಬೆರಳಿಟ್ಟು ನೋಡಿದ. ಗಾಜು ನಡುಗುತ್ತಿತ್ತು. ಆಮೇಲೆ ಅದು ಬಂತು. ಕೆಳಗಿನಿಂದ ಎದ್ದು, ಊರಿನ ಮೇಲೆ ಹಾಯ್ದು, ಆಚೆ ಗುಡ್ಡಕ್ಕೆ ತಾಗಿ ಹಿಂದಿರುಗಿ, ಕೊನೆಗೆ ದನದ ಕರೆಯಂತೆ ಸಣ್ಣಗಾಯಿತು.

ಮಿಲ್ಲಿನ ಚಿಮಣಿ ಬೀಳಿಸಿದ ದಿನ ಅವನು ನಿಂತು ನೋಡಿದ್ದ. ಕೂಗಿನ ಹಿತ್ತಾಳೆ ಕೊಳವೆಯನ್ನು ಊರವರು ಲೈಬ್ರರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಹೋದ ವಾರ ತಾನೇ ಶಾಲೆಯ ಮಕ್ಕಳು ಅದರ ಮುಂದೆ ನಿಂತು ಆಕಳಿಸಿದ್ದರು. ಉಗಿಯಿಲ್ಲ, ಬಾಯ್ಲರಿಲ್ಲ, ಗೋಡೆಯೇ ಇಲ್ಲ.

ಅವನ ಕಾಲು ಮಾತ್ರ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೂವತ್ತು ವರ್ಷ ಆ ಕೂಗಿಗೆ ಎದ್ದು ನಡೆದ ಕಾಲು. ತಲೆ ತಗ್ಗಿಸಿ ಒಲೆಯ ಹತ್ತಿರ ಹೋಗಿ ಬಾಗಿಲು ತೆರೆದು ಪಾತ್ರೆಯನ್ನು ಒಳಗೆ ತಳ್ಳಿದ.

ಬೆಳಗೆಲ್ಲ ಮಂಜು ಕರಗಲಿಲ್ಲ. ಮನೆಯಲ್ಲಿ ಲವಂಗದ ವಾಸನೆ ಏಳತೊಡಗಿದಾಗ, ಅವನು ಮೇಜಿಗೆ ಬಿಳಿ ಬಟ್ಟೆ ಹಾಸಿ ಎರಡು ಕುರ್ಚಿ ಎದುರುಬದುರು ಇಟ್ಟ. ಗಾಜು ಎರಡನೇ ಸಲ ಗುಂಯ್ ಎಂದಿತು. ಕೂಗು ಬಂತು. ಎದ್ದು ಮುಚ್ಚಳ ತೆಗೆದ. ತೆಗೆದವನೇ ಬರ್ನಡೆಟ್‌ಗೆ ಫೋನು ಹಚ್ಚಿದ.

‘ಹಕ್ಕಿಗೆ ಎದೆಯೇ ಇಲ್ಲ ಕಣೇ! ಬರೀ ಮೂಳೆ, ಬೆಳ್ಳಗೆ, ಮುದುಕನ ಬೆನ್ನಿದ್ದ ಹಾಗಿದೆ.’

‘ಬೆನ್ನೇ ಅದು, ಪೆದ್ದ! ತಲೆಕೆಳಗಾಗಿ ಮಲಗಿಸಿದ್ದೀಯ. ಮಗುಚಿ ಹಾಕು.’

‘ಬರ್ನಡೆಟ್, ಈಗ ಹನ್ನೆರಡರ ಕೂಗು ಕೇಳಿಸ್ತಾ?’

‘ಯಾವ ಕೂಗು? ಇಲ್ಲಿ ಟೀವಿಯಲ್ಲಿ ಹಬ್ಬದ ಮೆರವಣಿಗೆ ಬರ್ತಿದೆ.’ ಒಂದು ಕ್ಷಣ ಬಿಟ್ಟು ದನಿ ತಗ್ಗಿಸಿದಳು. ‘ಗಡಿಯಾರ ಮಾತ್ರ ಹನ್ನೆರಡೇ ತೋರಿಸ್ತಿದೆ.’

ಅವನು ಎರಡೂ ಕೈಗೆ ಬಸ್ಸಿನ ದಪ್ಪ ಕೈಗವಸು ತೊಟ್ಟು, ಹಕ್ಕಿಯನ್ನು ಕುಡಿದವನನ್ನು ಹೊರಳಿಸುವಂತೆ ಹೊರಳಿಸಿದ. ಕೊಬ್ಬು ಹಾರಿ ಅಂಗಿಯ ತೋಳು ಸುಟ್ಟಿತು.

ಒಂದರ ಕೂಗಿಗೆ ಹಕ್ಕಿ ಹೊರಬಂತು. ಆ ಹೊತ್ತಿಗೆ ಎದೆ ಕೆಂಪಗೆ ಹೊಳೆಯುತ್ತಿತ್ತು. ಮೊದಲ ತಟ್ಟೆ ಬಡಿಸಿದ. ಬೆಳ್ಳಿಹಾಳೆಯ ಸುರುಳಿಗೆ ಕೈ ತಾನಾಗಿ ಹೋಯಿತು. ಬಾಗಿಲ ಹಿಂದೆ ಲುಸೀಲಳ ಬೂದು ಕೋಟಿನ ಗೂಟ ಖಾಲಿಯಿತ್ತು. ಕೋಟನ್ನು ಅವಳ ಜೊತೆಗೇ ಮಣ್ಣಿಗೆ ಕಳಿಸಿದ್ದರು. ಇಲ್ಲ, ಇವತ್ತು ತಟ್ಟೆ ಹೊರುವುದಿಲ್ಲ ಎಂದು ಅವನು ಹಲ್ಲು ಕಚ್ಚಿ ತಟ್ಟೆಯನ್ನು ಎದುರಿನ ಕುರ್ಚಿಯ ಮುಂದಿಟ್ಟು ಕೂತ. ತಟ್ಟೆಯ ಹಬೆ ಸಣ್ಣಗಾಗುತ್ತ ಬಂತು. ಅದು ಪೂರ್ತಿ ನಿಂತರೆ ಎಲ್ಲ ಮುಗಿದ ಹಾಗೆ ಎಂದು ಯಾಕೋ ಅನ್ನಿಸಿತು.

ಹಬೆ ನಿಲ್ಲುವ ಮುಂಚೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲು ತಟ್ಟದೆ ನಾರ್ಮಂಡ್ ಒಳಗೆ ಬಂದ. ಟೊಪ್ಪಿಯಿಲ್ಲ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಕೂದಲ ತುಂಬ ಮಂಜಿನ ಹನಿ.

‘ಅವಳೆಲ್ಲಿ?’ ಎಂದ.

‘ಯಾರು?’

‘ಇನ್ಯಾರು, ಲುಸೀಲ್. ಒಂದರ ಕೂಗು ಕೇಳಿ ಕಿಟಕಿಗೆ ಬಂದೆ. ಸೇತುವೆ ನಡುವೆ ನಿಂತಿದ್ಳು, ಬೂದು ಕೋಟು, ಕೈಯಲ್ಲಿ ತಟ್ಟೆ. ಮುಂದಕ್ಕೂ ಬರಲ್ಲ, ಹಿಂದಕ್ಕೂ ಹೋಗಲ್ಲ. ಸುಸ್ತಾಗಿರ್ಬೇಕು, ನಾನೇ ಹೋಗಿ ಇಸ್ಕೊಳ್ಳೋಣ ಅಂತ ಬಂದೆ.’ ಅವನು ಉಸಿರು ಎಳೆದುಕೊಂಡ. ‘ನಾನು ಬಂದಷ್ಟೂ ಅವಳು ಮುಂದೆ ಮುಂದೆ. ತಲೆ ಎತ್ತಿ ನೋಡಿದ್ರೆ ಈ ದಡ.’

ಅರ್ಮಾಂಡ್ ಎದುರಿನ ಕುರ್ಚಿ ತೋರಿಸಿದ. ನಾರ್ಮಂಡ್ ಕುರ್ಚಿ ನೋಡಿದ, ತಟ್ಟೆ ನೋಡಿದ, ತನ್ನ ಒದ್ದೆ ಚಪ್ಪಲಿ ನೋಡಿದ. ಆಮೇಲೆ ಕೂತ.

‘ನಾರ್ಮಿ, ಅವತ್ತು ಏಳರ ಕೂಗಿಗೆ ನಾನು...’

‘ಗೊತ್ತು. ಅಲ್ಲೇ ನಿಂತಿದ್ದೆನಲ್ಲ.’ ಹೂರಣ ಬಾಯಿಗಿಟ್ಟು ಬಹಳ ಹೊತ್ತು ಅಗಿದ. ‘ಲವಂಗ ಜಾಸ್ತಿ ಆಯ್ತು. ಚಾಕು ಕೊಡು ಇಲ್ಲಿ, ನೀನು ಕೊಯ್ದಿರೋದು ನೋಡಿದ್ರೆ ಕೊಡಲಿಯಲ್ಲಿ ಕೊಯ್ದ ಹಾಗಿದೆ.’

ಕತ್ತಿನ ಕಡೆ ಚಾಕು ಆಡಿಸಿದಾಗ ಚರ್ಮದ ಕೆಳಗಿಂದ ಒಂದು ಕಾಗದದ ಚೀಲ ಹೊರಬಂತು. ಒಳಗೆ ಹಕ್ಕಿಯ ಲಿವರು ಗುಂಡಿಗೆಯೆಲ್ಲ ಅಂಗಡಿಯವನು ಕಟ್ಟಿಟ್ಟ ಹಾಗೇ ಇದ್ದವು. ಅಡುಗೆ ಬಲ್ಲವರು ಅದನ್ನು ಎಲ್ಲಕ್ಕಿಂತ ಮೊದಲು ತೆಗೆದಿಡುತ್ತಾರೆ. ನಾರ್ಮಂಡ್ ಅದನ್ನು ಬಾಲ ಹಿಡಿದ ಇಲಿಯಂತೆ ಎತ್ತಿ ಹಿಡಿದ.

‘ಆರು ಗಂಟೆ ಬೆಂದ್ರೂ ಹರಿದಿಲ್ಲ ನೋಡು. ನಮ್ಮ ಮಿಲ್ಲಿನ ಕಾಗದವೇ ಇರ್ಬೇಕು.’

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಮೂರನೆಯವರು ಯಾರೋ ಇನ್ನೂ ನಗುತ್ತಿರುವಂತೆ ಗಾಜು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಇಬ್ಬರೂ ಅತ್ತ ನೋಡಲಿಲ್ಲ.

ಬೆಳಕಿರುವಾಗಲೇ ನಾರ್ಮಂಡ್ ಎದ್ದ. ಅರ್ಮಾಂಡ್ ತನ್ನ ಬೂಟು ಅವನಿಗೆ ಕೊಟ್ಟು, ನಾಳೆಗೊಂದು ತಟ್ಟೆ ಕಟ್ಟಿ, ಅವನ ಜೊತೆ ಸೇತುವೆಗೆ ಬಂದ. ಸೇತುವೆಯ ನಡುವೆ ಬರುವಾಗ ಇಗರ್ಜಿಯ ಗಡಿಯಾರ ಮೂರು ಹೊಡೆಯಿತು. ಮಿಲ್ಲಿನಲ್ಲಿ ಪಾಳಿ ಬಿಡುವ ಹೊತ್ತು. ಇಬ್ಬರೂ ನಿಂತು ಕೂಗಿಗೆ ಕಿವಿಗೊಟ್ಟರು. ಕೆಳಗೆ ನೀರು ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

‘ಬರಲಿಲ್ಲ,’ ಎಂದ ನಾರ್ಮಂಡ್.

ಹಿಂದಿನ ದಿನದ ಮಂಜುಮಳೆ ಕಟ್ಟೆಯ ಉದ್ದಕ್ಕೂ ಬೆರಳುದಪ್ಪ ಗಾಜಾಗಿ ಕೂತಿತ್ತು. ನಟ್ಟನಡುವೆ ಒಂದೇ ಒಂದು ಕಡೆ ಅದು ದುಂಡಗೆ ಕರಗಿ, ಕಲ್ಲು ಒದ್ದೆಯಾಗಿ ಕಾಣುತ್ತಿತ್ತು. ನಾರ್ಮಂಡ್ ತನ್ನ ಕೈಯಲ್ಲಿದ್ದ ತಟ್ಟೆಯನ್ನು ಆ ದುಂಡಿನ ಮೇಲಿಟ್ಟು ನೋಡಿದ. ಅಂಚಿಗೆ ಅಂಚು ಸರಿಯಾಗಿ ಕೂತಿತು.

ಆಮೇಲೆ ಅವನು ತಟ್ಟೆ ಎತ್ತಿಕೊಂಡ.

‘ಬೂಟು ಭಾನುವಾರ ತಂದ್ಕೊಡ್ತೀನಿ,’ ಎಂದ.